ಏರು ಹತ್ತಿದವರಿಗೆ ಸಿಗುವ ಕೋಟೆ

ಪೋರ್ಚುಗಲ್‌ನ ಅಟ್ಲಾಂಟಿಕ್ ಕರಾವಳಿಯಲ್ಲಿ ಮೂರು ಬೆಟ್ಟ, ಮಧ್ಯಯುಗದ ಮೂರು ಕೋಟೆ. ಒಂದಕ್ಕೆ ಸೈಕಲ್, ಇನ್ನೆರಡಕ್ಕೆ ಕಾಲ್ನಡಿಗೆ

ಪಾಲ್ಮೆಲಾ ಊರಿನ ಕೊನೆಯ ಮನೆಗಳು ಹಿಂದೆ ಬಿದ್ದ ಮೇಲೆ ಸೈಕಲ್ಲಿನಿಂದ ಇಳಿದು ತಳ್ಳತೊಡಗಿದೆ. ಕಾಲಡಿಯಲ್ಲಿ ಮುಷ್ಟಿಗಾತ್ರದ ಕಲ್ಲುಗಳ ಹಾಸು, ಎದುರಿಗೆ ಏರು. ಇದೇ ಕೊನೆಯ ತಿರುವು ಎಂದುಕೊಂಡಾಗಲೆಲ್ಲ ಇನ್ನೊಂದು ತಿರುವು ಕಾದಿರುತ್ತಿತ್ತು. ಉಸಿರು ಸುಧಾರಿಸಿಕೊಳ್ಳಲು ನಿಂತು ತಲೆ ಎತ್ತಿದಾಗ ಒಂದು ಸಂಗತಿ ಹೊಳೆಯಿತು. ದಾರಿ ಎಲ್ಲಿ ತಿರುಗಿದರೂ ಕೋಟೆಯ ತೆನೆಗಳು ನೇರ ನನ್ನ ನೆತ್ತಿಯ ಮೇಲೇ ಇವೆ. ಅಲ್ಲಿ ನಿಂತವನಿಗೆ ನಾನು ಬುಡದಿಂದಲೂ ಕಾಣುತ್ತಿದ್ದೇನೆ, ಅವನು ಮಾತ್ರ ನನಗೆ ಕಾಣುವುದಿಲ್ಲ. ಬಿಲ್ಲುಗಾರನಿಗೆ ಇದಕ್ಕಿಂತ ಹೆಚ್ಚೇನು ಬೇಕಿತ್ತು?

ಕಾರಿನಲ್ಲಿ ಬಂದಿದ್ದರೆ ಈ ಏರು ಎರಡು ನಿಮಿಷದ ದಾರಿ. ನಡೆದು ಬಂದವರಿಗೆ ಇದು ಕೋಟೆಯ ಮೊದಲ ಗೋಡೆ. ಕಲ್ಲಿನ ಗೋಡೆ ಕಟ್ಟುವುದಕ್ಕೆ ಮೊದಲು ಕಟ್ಟಿದವರು ಆರಿಸಿಕೊಂಡದ್ದು ಈ ಇಳಿಜಾರನ್ನು. ಅದನ್ನು ಕಣ್ಣಿಗಿಂತ ಮೊದಲು ಕಾಲು ಅರ್ಥ ಮಾಡಿಕೊಳ್ಳುತ್ತದೆ.

ಈ ಬೆಟ್ಟಗಳಿಗೆ ಕೋಟೆ ಬಂದದ್ದಕ್ಕೆ ದೊಡ್ಡ ಚರಿತ್ರೆಯೇ ಇದೆ. 8ನೇ ಶತಮಾನದ ಆರಂಭದಲ್ಲಿ ಉತ್ತರ ಆಫ್ರಿಕಾದಿಂದ ಬಂದ ಮುಸ್ಲಿಂ ಸೇನೆಗಳು ಐಬೀರಿಯಾದ, ಅಂದರೆ ಇಂದಿನ ಸ್ಪೇನ್–ಪೋರ್ಚುಗಲ್‌ನ, ಬಹುಭಾಗವನ್ನು ಗೆದ್ದವು. ಯುರೋಪಿನವರು ಅವರನ್ನು ‘ಮೂರ್’ ಜನ ಎಂದು ಕರೆದರು. 12ನೇ ಶತಮಾನದ ಹೊತ್ತಿಗೆ ಉತ್ತರದ ಕ್ರೈಸ್ತ ಅರಸರು ದಕ್ಷಿಣಕ್ಕೆ ಒತ್ತಿಕೊಂಡು ಬಂದಿದ್ದರು. ಪೋರ್ಚುಗಲ್‌ನ ಮೊದಲ ದೊರೆ ಅಫೋನ್ಸು ಹೆನ್ರಿಕಿಶ್ 1147ರ ಅಕ್ಟೋಬರಿನಲ್ಲಿ ಲಿಸ್ಬನ್ ಗೆದ್ದ. ಆಮೇಲೆ ಎರಡು ತಲೆಮಾರಿನ ಕಾಲ ಟೇಗಸ್ ನದಿಯ ದಕ್ಷಿಣದ ನೆಲ ಒಮ್ಮೆ ಇವರದು, ಒಮ್ಮೆ ಅವರದು. ಇಂದು ಆ ಕಾಲದ ಈ ಮೂರು ಕೋಟೆಗಳನ್ನು ನಡೆದೋ ಸೈಕಲ್ ತುಳಿದೋ ಮೂರು ದಿನದಲ್ಲಿ ನೋಡಿ ಬರಬಹುದು.

ಸಿಂಟ್ರಾ: ಮಂಜಿನೊಳಗಿನ ಗೋಡೆ

ಮೊದಲ ದಿನ ಸಿಂಟ್ರಾಗೆ ಇಡಿ. ಲಿಸ್ಬನ್‌ನ ರೊಸ್ಸಿಯೂ ನಿಲ್ದಾಣದಿಂದ ರೈಲಿನಲ್ಲಿ ಸುಮಾರು 40 ನಿಮಿಷ. ಹಳೆಯ ಪೇಟೆಯಿಂದ ವಿಲಾ ಸಸೆಟ್ಟಿ ತೋಟದ ಮೂಲಕ ಕಾಲುದಾರಿ ಮೇಲಕ್ಕೆ ಹೋಗುತ್ತದೆ. ನಿಧಾನಕ್ಕೆ ಹತ್ತಿದರೂ ಒಂದು ಗಂಟೆಯ ಆಸುಪಾಸಿನ ನಡಿಗೆ. ಸಾಗರದ ತೇವಗಾಳಿ ಮೊದಲು ಎದುರಾಗುವುದು ಈ ಬೆಟ್ಟಸಾಲಿಗೆ, ಹಾಗಾಗಿ ಬೇಸಿಗೆಯಲ್ಲೂ ಇಲ್ಲಿ ಮಂಜು ಕವಿಯುತ್ತದೆ. ಆನೆಗಾತ್ರದ ಗ್ರಾನೈಟ್ ಬಂಡೆಗಳ ಮೈತುಂಬ ಪಾಚಿ, ಸಂದುಗಳಲ್ಲಿ ಜರಿಗಿಡ.

‘ಮೂರ್ ಜನರ ಕೋಟೆ’ 400 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಗೋಡೆ ಎಲ್ಲಿ ಮುಗಿದು ಬಂಡೆ ಎಲ್ಲಿ ಶುರುವಾಯಿತೆಂದು ಹೇಳುವುದು ಕಷ್ಟ. ಬಂಡೆ ಇದ್ದಲ್ಲಿ ಅದನ್ನೇ ಗೋಡೆಯಾಗಿಸಿ, ಬಂಡೆ ಬಿಟ್ಟ ಜಾಗವನ್ನಷ್ಟೇ ಕಲ್ಲಿನಿಂದ ತುಂಬಿದ್ದಾರೆ. ಒಳಗೆ ನೆಲದಲ್ಲಿ ಕಾಳು ಹುಗಿದಿಡುತ್ತಿದ್ದ ಹಗೇವುಗಳಿವೆ, ಮಳೆನೀರಿನ ತೊಟ್ಟಿ ಇದೆ. ಗೋಡೆಯ ಒಂದೆಡೆ ಒಬ್ಬರೇ ನುಸುಳುವಂಥ ದಿಡ್ಡಿ ಬಾಗಿಲು. ಪೋರ್ಚುಗೀಸರು ಅದಕ್ಕಿಟ್ಟ ಹೆಸರು ‘ದ್ರೋಹದ ಬಾಗಿಲು’. ಮುತ್ತಿಗೆಯ ಹೊತ್ತಿನಲ್ಲಿ ಗುಟ್ಟಾಗಿ ಹೊರಬೀಳಲು ಇಟ್ಟ ಬಾಗಿಲಿನಿಂದಲೇ ಶತ್ರು ಒಳಬರಲೂಬಹುದೆಂಬ ಭಯ ಆ ಹೆಸರಿನಲ್ಲಿದೆ.

ಆದರೆ ಈ ಕೋಟೆಯ ಕೈ ಬದಲಾದದ್ದು ದ್ರೋಹದಿಂದಲ್ಲ, ಯುದ್ಧದಿಂದಲೂ ಅಲ್ಲ. ಲಿಸ್ಬನ್ ಬಿದ್ದ ಸುದ್ದಿ ತಿಳಿದ ಮೇಲೆ ಒಳಗಿದ್ದವರು ತಾವಾಗಿ ಅದನ್ನು ಒಪ್ಪಿಸಿದರು. ಕೋಟೆ ಒಪ್ಪಿಸುವುದೆಂದರೆ ಅದರ ಬೀಗದ ಕೈ ಒಪ್ಪಿಸುವುದು; ಬೀಗದ ಕೈಗೆ ಪೋರ್ಚುಗೀಸಿನಲ್ಲಿ ‘ಶಾವ್’ ಎನ್ನುತ್ತಾರೆ. ನಾವು ದಿನವೂ ಆಡುವ ‘ಚಾವಿ’ ಅದೇ ಪದ. ಹಡಗು ಹತ್ತಿ ಪಶ್ಚಿಮ ಕರಾವಳಿಗೆ ಬಂದು ನಮ್ಮ ಮಾತಿನಲ್ಲಿ ಉಳಿದುಕೊಂಡಿತು, ‘ಮೇಜು’ ಬಂದ ಹಾಗೆಯೇ.

ಹಾಳುಬಿದ್ದಿದ್ದ ಕೋಟೆಯನ್ನು 19ನೇ ಶತಮಾನದಲ್ಲಿ ದೊರೆ ಎರಡನೇ ಫೆರ್ನಾಂದು ದುರಸ್ತಿ ಮಾಡಿಸಿದ. ಆ ಕೆಲಸದಲ್ಲಿ ಹಳೆಯ ಚರ್ಚಿನ ಬಳಿ ಮಧ್ಯಯುಗದ ಸಮಾಧಿಗಳು ಕದಲಿ ಮೂಳೆಗಳು ಹೊರಬಿದ್ದವು. ಕ್ರೈಸ್ತರದು ಯಾವುದು, ಮುಸ್ಲಿಮರದು ಯಾವುದು ಎಂದು ಬೇರ್ಪಡಿಸಲಾಗದೆ ಎಲ್ಲವನ್ನೂ ಒಂದೇ ಗೋರಿಯಲ್ಲಿಟ್ಟರು. ಮೊಣಕಾಲೂರಿ ನೋಡಿದೆ. ಕಲ್ಲಿನ ಮೇಲೆ ಶಿಲುಬೆಯೂ ಇದೆ, ಅರ್ಧಚಂದ್ರವೂ ಇದೆ. ಕೋಟೆಯ ಎಲ್ಲ ಬುರುಜುಗಳಿಗಿಂತ ನನ್ನ ಮನಸ್ಸಿನಲ್ಲಿ ನಿಂತದ್ದು ಈ ಮೋಟು ಕಲ್ಲು.

ಪಾಲ್ಮೆಲಾ: ಬೆಂಕಿ ಆಡಿದ ಮಾತು

ಎರಡನೇ ದಿನ ಸೈಕಲ್ಲಿನದು. ಟೇಗಸ್ ಮೇಲಿನ ಎತ್ತರದ ಸೇತುವೆ ದಾಟುವ ರೈಲಿನಲ್ಲೇ ಸೈಕಲ್ ಒಯ್ಯಬಹುದು. ಪಾಲ್ಮೆಲಾ ನಿಲ್ದಾಣ ಬಯಲಿನಲ್ಲಿದೆ, ಊರು ಮತ್ತು ಕೋಟೆ ಬೆಟ್ಟದಲ್ಲಿವೆ. ನಾನು ಸೈಕಲ್ ತಳ್ಳಿದ ಏರು ಇಲ್ಲಿಯದೇ.

ಮೇಲೆ ತಲುಪಿ ಬುರುಜಿನ ಅಂಚಿಗೆ ಬಂದರೆ ಉತ್ತರಕ್ಕೆ ಟೇಗಸ್ ಅಳಿವೆ, ದಕ್ಷಿಣಕ್ಕೆ ಸಾದು ನದಿಯ ಅಳಿವೆ, ನಡುವಿನ ಬಯಲು ಪೂರ್ತಿ ಅಂಗೈಯ ಮೇಲಿಟ್ಟಂತೆ. ಆಕಾಶ ತಿಳಿಯಾಗಿದ್ದರೆ ಲಿಸ್ಬನ್ ನಗರವೂ ಕಾಣುತ್ತದೆ. ಈ ನೋಟದ ಬೆಲೆ 1384ರಲ್ಲಿ ತಿಳಿಯಿತು. ನೆರೆಯ ಕ್ಯಾಸ್ಟೀಲ್ ರಾಜ್ಯದ ಸೇನೆ ಲಿಸ್ಬನ್ನಿಗೆ ಮುತ್ತಿಗೆ ಹಾಕಿತ್ತು, ಒಳಗೆ ಜನ ಹಸಿದಿದ್ದರು. ಪೋರ್ಚುಗೀಸ್ ಸೇನಾನಿ ನೂನು ಆಲ್ವರಿಶ್ ಪೆರೇರ ಪಾಲ್ಮೆಲಾ ಬೆಟ್ಟದ ಮೇಲೆ ದೊಡ್ಡ ಬೆಂಕಿ ಹೊತ್ತಿಸಿ, ತಾನು ಇಲ್ಲೇ ಇದ್ದೇನೆಂದು ನಗರದೊಳಗಿದ್ದು ಅದನ್ನು ಕಾಯುತ್ತಿದ್ದ ಅವಿಶ್‌ನ ಜುವಾಂವ್‌ಗೆ ತಿಳಿಸಿದ. ಮರುವರ್ಷ ಆ ಜುವಾಂವ್ ಪೋರ್ಚುಗಲ್ಲಿನ ದೊರೆಯಾದ.

ಈ ಕೋಟೆ ಸಾಂತಿಯಾಗು ಪಂಥದ ಯೋಧರದ್ದಾಗಿತ್ತು. ಅವರು ಧಾರ್ಮಿಕ ವ್ರತ ಹಿಡಿದೂ ಕತ್ತಿ ಬಿಡದವರು. 1186ರಲ್ಲಿ ಅವರಿಗೆ ಕೊಟ್ಟ ಕೋಟೆಯನ್ನು 1191ರಲ್ಲಿ ಉತ್ತರ ಆಫ್ರಿಕಾದ ಮುಸ್ಲಿಂ ಅರಸು ಮನೆತನವಾದ ಅಲ್ಮೊಹದರ ಸೇನೆ ನೆಲಸಮ ಮಾಡಿತು. ಮತ್ತೆ ಕಟ್ಟಿದರು. 15ನೇ ಶತಮಾನದಲ್ಲಿ ಪೋರ್ಚುಗಲ್‌ನ ಈ ಪಂಥದ ಕೇಂದ್ರವೇ ಇಲ್ಲಿ ನೆಲೆನಿಂತಿತು. ವಾಸ್ಕೋ ಡ ಗಾಮ ಇದೇ ಪಂಥದ ಯೋಧ. 1498ರಲ್ಲಿ ಕಲ್ಲಿಕೋಟೆಯಿಂದ ಮರಳುವಾಗ ಅವನ ಹಡಗುಗಳು ತಂಗಿದ್ದು ನಮ್ಮ ಕಾರವಾರದ ಎದುರಿನ ಅಂಜುದೀವದಲ್ಲಿ. ಪಾಲ್ಮೆಲಾದ ಗೋಡೆಗೆ ಒರಗಿ ಪಶ್ಚಿಮದ ನೀರನ್ನು ನೋಡುವ ಕನ್ನಡಿಗನಿಗೆ ಆ ದೂರ ಸ್ವಲ್ಪ ಹತ್ತಿರವೆನಿಸುತ್ತದೆ.

ಕೋಟೆಯ ಮುಖ್ಯ ಗೋಪುರದ ತಳದಲ್ಲಿ ಒಂದು ಕತ್ತಲ ಗುಂಡಿ. ದೊರೆ ಎರಡನೇ ಜುವಾಂವ್ ವಿರುದ್ಧ ಸಂಚು ಹೂಡಿದ ಎವೊರಾ ನಗರದ ಬಿಷಪ್ ಗಾರ್ಸಿಯಾ ದ ಮೆನೇಜಿಶ್‌ನನ್ನು 1484ರಲ್ಲಿ ಇಲ್ಲಿ ಸೆರೆಯಿಟ್ಟರು. ಅವನು ಬದುಕಿ ಹೊರಬರಲಿಲ್ಲ. ಇನ್ನೊಂದು ಪಕ್ಕದಲ್ಲಿ ಮಾಡಿಲ್ಲದ ಚರ್ಚು, 1755ರ ನವೆಂಬರ್ 1ರ ಭೂಕಂಪ ಕೆಡವಿ ಬಿಟ್ಟದ್ದು. ಪಂಥದ ಹಳೆಯ ಮಠದಲ್ಲಿ ಈಗ ಹೋಟೆಲಿದೆ.

ಗಾಳಿಗಿರಣಿಗಳ ಏಣು

ಪಾಲ್ಮೆಲಾದಿಂದ ಪಶ್ಚಿಮಕ್ಕೆ ಲೋರು ಬೆಟ್ಟದ ಏಣಿನ ಮೇಲೆ ಮಣ್ಣುದಾರಿ ಸಾಗುತ್ತದೆ. ದಪ್ಪ ಟೈರಿನ ಸೈಕಲ್ಲಿಗೆ ಹೇಳಿ ಮಾಡಿಸಿದ್ದು. ದಾರಿಗುಂಟ ಹಳೆಯ ಗಾಳಿಗಿರಣಿಗಳು. ಪೋರ್ಚುಗಲ್‌ನ ಗಿರಣಿಗಳ ರೆಕ್ಕೆಹಗ್ಗಕ್ಕೆ ಬಾಯಿ ತೆರೆದ ಪುಟ್ಟ ಮಣ್ಣಿನ ಕುಡಿಕೆಗಳನ್ನು ಕಟ್ಟುವ ರೂಢಿಯಿದೆ. ರೆಕ್ಕೆ ತಿರುಗಿದಂತೆ ಕುಡಿಕೆಗಳು ಊಳಿಡುತ್ತವೆ, ಗಾಳಿಯ ವೇಗ ಹೆಚ್ಚಿತೋ ತಗ್ಗಿತೋ ಎಂಬುದು ಗಿರಣಿಯವನಿಗೆ ಒಳಗಿನಿಂದಲೇ ಕಿವಿಗೆ ತಿಳಿಯುತ್ತದೆ.

ಏಣು ಇಳಿದರೆ ಅಝೈತಾಂವ್ ಊರು. ಇಲ್ಲಿಯ ಕುರಿಹಾಲಿನ ಚೀಸ್ ಹೆಸರುವಾಸಿ. ಹಾಲು ಹೆಪ್ಪುಗಟ್ಟಲು ಕರುವಿನ ಹೊಟ್ಟೆಯ ರೆನ್ನೆಟ್ ಹಾಕುವುದಿಲ್ಲ, ಒಂದು ಜಾತಿಯ ಮುಳ್ಳುಗಿಡದ ಒಣಹೂವನ್ನು ಬಳಸುತ್ತಾರೆ. ಮೇಲಿನ ಸಿಪ್ಪೆ ಕೊಯ್ದು ಒಳಗಿನ ಮೆತ್ತನೆಯ ತಿರುಳನ್ನು ಚಮಚೆಯಿಂದ ತೆಗೆದು ಬ್ರೆಡ್ಡಿಗೆ ಸವರಿಕೊಳ್ಳಬೇಕು. ತುಸು ಹುಳಿ, ತುಸು ಕಹಿ. ಏರು ಹತ್ತಿ ಬಂದ ಹೊಟ್ಟೆಗೆ ತಕ್ಕ ತಿನಿಸು.

ಸೆಸಿಂಬ್ರಾ: ಊರು ಇಳಿದು ಹೋದ ಮೇಲೆ

ಪಾಲ್ಮೆಲಾದಿಂದ ಸೆಸಿಂಬ್ರಾಗೆ ಒಟ್ಟು 25–30 ಕಿ.ಮೀ. ಸಾಂತಾನ ಎಂಬ ಊರಿನ ಕಡೆಯಿಂದ ಹೋದರೆ ಏರು ಹಗುರ. ನಾನು ರಾತ್ರಿ ಕಡಲತೀರದ ಪೇಟೆಯಲ್ಲಿ ತಂಗಿ, ಮೂರನೇ ದಿನ ಬೆಳಿಗ್ಗೆ ಸೈಕಲ್ ಕೆಳಗೇ ಬಿಟ್ಟು ನಡೆದು ಹತ್ತಿದೆ. ನೀವೂ ಹಾಗೇ ಮಾಡಿ. ಕಡಲಮಟ್ಟದಿಂದ 240 ಮೀಟರ್ ಎತ್ತರವನ್ನು ಹೆಜ್ಜೆ ಹೆಜ್ಜೆಯಾಗಿ ಗಳಿಸಿಕೊಂಡಾಗ ಈ ಕೋಟೆಯ ಕಥೆ ಪೂರ್ತಿಯಾಗಿ ದಕ್ಕುತ್ತದೆ.

ಅಫೋನ್ಸು ಹೆನ್ರಿಕಿಶ್ ಇದನ್ನು ಗೆದ್ದದ್ದು 1165ರಲ್ಲಿ. ಪಾಲ್ಮೆಲಾ ಬಿದ್ದ 1191ರಲ್ಲಿ ಇದೂ ಕೈತಪ್ಪಿತು. ಮಗ ಒಂದನೇ ಸಾಂಶು 1200ರಲ್ಲಿ ಮತ್ತೆ ಹಿಡಿದು, ಮರುವರ್ಷ ಊರಿಗೆ ಸನ್ನದು ಕೊಟ್ಟ. ಜನ ಗೋಡೆಯೊಳಗೆ ಮನೆ ಕಟ್ಟಿಕೊಂಡರು. ಆದರೆ ಗಡಿ ದಕ್ಷಿಣಕ್ಕೆ ಸರಿಯಿತು, ಕೊನೆಗೆ 1249ರಲ್ಲಿ ದಕ್ಷಿಣ ಕರಾವಳಿಯ ಫಾರು ನಗರ ಕೈವಶವಾದ ಮೇಲೆ ಕಾವಲಿನ ಅಗತ್ಯವೇ ತಗ್ಗಿತು. ಹೊಟ್ಟೆಪಾಡು ಇದ್ದದ್ದು ಕೆಳಗೆ, ಮೀನಿನಲ್ಲಿ. ಒಂದೊಂದೇ ಮನೆ ಬೆಟ್ಟ ಇಳಿಯಿತು.

ಈಗ ಗೋಡೆಯೊಳಗೆ ಹುಲ್ಲು, ಪೈನ್ ಮರ ಮತ್ತು ಒಂದು ಬಿಳಿ ಚರ್ಚು. ಅದರ ಒಳಗೋಡೆಗೆ ನೀಲಿ–ಬಿಳಿ ಹೆಂಚಿನ ಬಿಲ್ಲೆಗಳು. ತೆನೆಗಳ ನಡುವೆ ಬಗ್ಗಿ ನೋಡಿದರೆ ಇಡೀ ಕೊಲ್ಲಿ ಕೆಳಗಿದೆ. ದೋಣಿಗಳು ಅಕ್ಕಿಕಾಳಿನಷ್ಟು ಸಣ್ಣ. ಕತ್ತಿಯಂತೆ ಉದ್ದನೆಯ ಕಪ್ಪು ಮೀನಿಗೆ ಸೆಸಿಂಬ್ರಾ ಇಂದಿಗೂ ಪ್ರಸಿದ್ಧ. ಸೋತು ಹಾಳಾದ ಕೋಟೆಗಳನ್ನು ಬಹಳ ನೋಡಿದ್ದೇವೆ. ಭಯ ತೀರಿತೆಂದು ಜನ ನೆಮ್ಮದಿಯಿಂದ ಬಿಟ್ಟು ಹೋದ ಕೋಟೆ ಇದು. ಆ ಖಾಲಿತನದಲ್ಲಿ ದುಃಖವಿಲ್ಲ.

ಹೊರಡುವವರಿಗೆ

ಮಾರ್ಚ್‌ನಿಂದ ಮೇ, ಇಲ್ಲವೇ ಸೆಪ್ಟೆಂಬರ್–ಅಕ್ಟೋಬರ್ ಒಳ್ಳೆಯ ಕಾಲ. ನಡುಬೇಸಿಗೆಯಲ್ಲಿ ಕಾಳ್ಗಿಚ್ಚಿನ ಅಪಾಯ ಹೆಚ್ಚಿದ ದಿನ ಸಿಂಟ್ರಾ ಬೆಟ್ಟದ ದಾರಿಗಳನ್ನು ಮುಚ್ಚುತ್ತಾರೆ, ಹೊರಡುವ ಮುನ್ನ ವಿಚಾರಿಸಿ. ಸಿಂಟ್ರಾ ಕೋಟೆಗೆ ಟಿಕೆಟ್ ಉಂಟು. ಕಲ್ಲುಹಾಸು ಒದ್ದೆಯಾದರೆ ಜಾರುತ್ತದೆ, ಹಿಡಿತವಿರುವ ಷೂ ಬೇಕು. ಸೈಕಲ್ಲಿಗೆ ಹಗುರ ಗೇರು, ಒಳ್ಳೆಯ ಬ್ರೇಕು ಎರಡೂ ಅಗತ್ಯ. ನೀರು ಪೇಟೆಯಲ್ಲೇ ತುಂಬಿಕೊಳ್ಳಿ.

ಕೊನೆಯದಾಗಿ ಒಂದು ಕೋರಿಕೆ. ಯಾವ ನಾಡಿನ ಬೆಟ್ಟದ ಕೋಟೆಯೇ ಆಗಲಿ, ಕಾಲಲ್ಲಿ ಕಸುವಿದ್ದರೆ ಗಾಡಿಯನ್ನು ಬುಡದಲ್ಲೇ ನಿಲ್ಲಿಸಿ. ಆ ಗೋಡೆಗಳ ಕಲ್ಲು, ಹಗೇವಿನ ಕಾಳು, ಬೆಂಕಿಯ ಸೌದೆ ಎಲ್ಲವೂ ಯಾರದೋ ಬೆನ್ನ ಮೇಲೆ, ಯಾವುದೋ ಹೇಸರಗತ್ತೆಯ ಮೇಲೆ ಇದೇ ಏರು ಹತ್ತಿ ಬಂದವು. ಅವರ ದಾರಿಯಲ್ಲಿ ಅವರಂತೆಯೇ ಹತ್ತಿ ಹೋಗುವುದು ನಾವು ಅವರಿಗೆ ಸಲ್ಲಿಸಬಹುದಾದ ಮರ್ಯಾದೆ.