ಹೊಂಡದ ಮೀನು ಮಂಕಾಗುವುದೇಕೆ?

ಕೊಳ್ಳೇಗಾಲದ ಕಡೆ ರೇಷ್ಮೆ ಸಾಕುವ ಮನೆಗಳಲ್ಲಿ ಚಿಕ್ಕ ಮಕ್ಕಳಿಗೂ ಒಂದು ಸಂಗತಿ ಗೊತ್ತು. ಹುಳು ಸೊಪ್ಪು ಬಿಟ್ಟು, ತಲೆ ಎತ್ತಿ, ಅಲುಗಾಡದೆ ನಿಂತರೆ ಅದು ಜ್ವರಕ್ಕೆ ಕೂತಿದೆಯೇ ಹೊರತು ಅದಕ್ಕೆ ರೋಗ ಬಂದಿಲ್ಲ. ಆಗ ಯಾರೂ ಗಾಬರಿಪಡುವುದಿಲ್ಲ, ಸೊಪ್ಪನ್ನೂ ಹಾಕುವುದಿಲ್ಲ. ಆದರೆ ಅದೇ ಮನೆಯವರ ಜಮೀನಿನ ಕೃಷಿಹೊಂಡದಲ್ಲಿ ಮೀನು ಓಡಾಟ ನಿಲ್ಲಿಸಿದರೆ ಏನು ಮಾಡಬೇಕೆಂದು ತೋಚುವುದಿಲ್ಲ. ಒಬ್ಬರು ಸುಣ್ಣ ಎರಚುತ್ತಾರೆ. ಮತ್ತೊಬ್ಬರು ಹಸಿವಿರಬೇಕೆಂದು ಇನ್ನೊಂದು ಬುಟ್ಟಿ ತೌಡು ಸುರಿಯುತ್ತಾರೆ. ಈ ಎರಡನೆಯ ಉಪಾಯದಿಂದಲೇ ಎಷ್ಟೋ ಹೊಂಡಗಳ ಮೀನು ಮರುದಿನ ಬೆಳಗ್ಗೆ ಹೊಟ್ಟೆ ಮೇಲಾಗಿ ತೇಲಿರುವುದುಂಟು.

2014ರಲ್ಲಿ ಕೃಷಿಭಾಗ್ಯ ಯೋಜನೆ ಆರಂಭವಾದ ಮೇಲೆ ಮಳೆಯಾಶ್ರಿತ ಜಮೀನುಗಳಲ್ಲಿ ಪಾಲಿಥೀನ್ ಹಾಳೆ ಹೊದಿಸಿದ ಹೊಂಡಗಳು ಹೆಚ್ಚಿದವು. ಹನೂರಿನ ಒಣಭೂಮಿಯಲ್ಲಿ ನೀರಿಗೆಂದು ತೋಡಿದ ಇಂಥ ಹೊಂಡದಲ್ಲಿ ನಾಲ್ಕು ಮೀನನ್ನೂ ಬಿಡೋಣ ಎಂಬ ಯೋಚನೆ ಸಹಜವೇ ಆಗಿದೆ. ಯಳಂದೂರಿನ ಸುವರ್ಣಾವತಿ ಬಯಲಿನಲ್ಲಿಯೂ ಕೊಳ್ಳೇಗಾಲದ ನಾಲೆ ಬಯಲಿನಲ್ಲಿಯೂ ಕೆರೆ ಮೀನಿನ ರೂಢಿ ಹಳೆಯದು. ಆದರೆ ಕೆರೆಯಲ್ಲಿ ನಡೆದಂತೆ ಹೊಂಡದಲ್ಲಿ ನಡೆಯುವುದಿಲ್ಲ. ಕೆರೆಗೆ ಮಣ್ಣಿನ ತಳವಿದೆ, ಅಗಲವಾದ ಮೈಯಿದೆ, ಗಾಳಿಯ ಅಲೆಯಿದೆ. ಹಾಳೆ ಹೊದಿಸಿದ ಹೊಂಡವಾದರೋ ಒಂದು ದೊಡ್ಡ ತೊಟ್ಟಿಯೇ ಸರಿ. ಅಲ್ಲಿನ ಏರುಪೇರು ಬೇಗ ಬರುತ್ತದೆ, ಜೋರಾಗಿಯೂ ಬರುತ್ತದೆ.

ಹೊತ್ತು ನೋಡಬೇಕು

ಮೀನು ಮಂಕಾದುದನ್ನು ಕಂಡಾಗ ಮೊದಲು ಗಮನಿಸತಕ್ಕದ್ದು ಹೊತ್ತನ್ನು. ಬೆಳಗಿನ ಜಾವ ನಾಲ್ಕರಿಂದ ಆರು ಗಂಟೆಯವರೆಗೆ ಮೀನುಗಳು ನೀರಿನ ಮೇಲ್ಮೈಗೆ ಬಂದು, ಬಾಯಿ ತೆರೆದು ಮುಚ್ಚುತ್ತ, ಕಲ್ಲೆಸೆದರೂ ಬೆದರದೆ ನಿಂತು, ಬಿಸಿಲೇರಿದ ಮೇಲೆ ಮತ್ತೆ ಕೆಳಗಿಳಿದರೆ ಅದು ಉಸಿರಿನ ತೊಂದರೆ. ಇದಕ್ಕೆ ಯಾವ ಔಷಧಿಯೂ ಬೇಕಿಲ್ಲ.

ಒಂದು ಲೀಟರ್ ಗಾಳಿಯಲ್ಲಿ ಸುಮಾರು 250 ಮಿಲಿಗ್ರಾಂ ಆಮ್ಲಜನಕವಿರುತ್ತದೆ. ಒಂದು ಲೀಟರ್ ನೀರಿನಲ್ಲಿ ಕರಗಿ ನಿಲ್ಲುವುದು 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಸುಮಾರು 9 ಮಿಲಿಗ್ರಾಂ, 30 ಡಿಗ್ರಿಯಲ್ಲಿ ಏಳೂವರೆ ಮಿಲಿಗ್ರಾಂ ಮಾತ್ರ. ನೀರು ಕಾದಷ್ಟೂ ಆಮ್ಲಜನಕ ಕಡಿಮೆ, ಆದರೆ ಕಾದ ನೀರಿನಲ್ಲಿ ಮೀನಿಗೆ ಬೇಕಾಗುವ ಉಸಿರು ಹೆಚ್ಚು. ಬೇಸಿಗೆಯ ಕಷ್ಟವೆಲ್ಲ ಇಲ್ಲಿದೆ. ಲೀಟರಿಗೆ 5 ಮಿಲಿಗ್ರಾಂ ಇದ್ದರೆ ಕಾಟ್ಲ, ರೋಹು, ಮೃಗಾಲ್ ಮೀನುಗಳು ನೆಮ್ಮದಿಯಾಗಿರುತ್ತವೆ. 3ಕ್ಕಿಂತ ಇಳಿದರೆ ಮೇವು ಬಿಟ್ಟು ಮಂಕಾಗುತ್ತವೆ. ಇನ್ನೂ ಇಳಿದರೆ ಬಾಯಿ ಬಿಡುತ್ತವೆ.

ನೀರು ಹಸಿರಾಗಿದ್ದರೆ ಒಳ್ಳೆಯದೆಂದು ರೈತರು ಹೇಳುವುದುಂಟು. ಮಾತು ನಿಜ, ಆದರೆ ಒಂದು ಮಿತಿಯವರೆಗೆ. ನೀರಿನಲ್ಲಿರುವ ಸೂಕ್ಷ್ಮ ಪಾಚಿ ಹಗಲು ಬಿಸಿಲಿನಲ್ಲಿ ಆಮ್ಲಜನಕ ಕೊಡುತ್ತದೆ. ರಾತ್ರಿ ಅದೂ ಮೀನಿನಂತೆಯೇ ಉಸಿರಾಡುತ್ತದೆ. ಹೊಂಡ ಕಡುಹಸಿರಾಗಿದ್ದರೆ ಹಗಲಿನ ಗಳಿಕೆಯನ್ನು ರಾತ್ರಿ ಪಾಚಿಯೇ ತಿಂದು ಮುಗಿಸಿ, ಕೋಳಿ ಕೂಗುವ ಹೊತ್ತಿಗೆ ಮೀನಿಗೆ ಏನೂ ಉಳಿಯುವುದಿಲ್ಲ. ಎರಡು ಮೂರು ದಿನ ಮೋಡ ಕವಿದರಂತೂ ಗಳಿಕೆಯೇ ಇಲ್ಲ, ಖರ್ಚು ಮಾತ್ರ. ಪರೀಕ್ಷೆ ಸುಲಭ. ಅಂಗೈಯನ್ನು ಮೇಲ್ಮುಖವಾಗಿ ಮಡಿಸಿ ಕೈಯನ್ನು ನೀರಿಗೆ ನೇರವಾಗಿ ಇಳಿಸಬೇಕು. ಮೊಣಕೈ ಮುಳುಗುವ ಹೊತ್ತಿಗೆ ಅಂಗೈ ಮರೆಯಾದರೆ ಪಾಚಿ ಹದವಾಗಿದೆ. ಅದಕ್ಕೆ ಬಹಳ ಮೊದಲೇ ಮರೆಯಾದರೆ ಸಗಣಿ, ಗೊಬ್ಬರ ಹಾಕುವುದನ್ನು ಆ ದಿನವೇ ನಿಲ್ಲಿಸಬೇಕು.

ಮೇ ತಿಂಗಳ ಗುಡುಗು ಮಳೆಗೂ ಇಂಥದೇ ಗುಣವಿದೆ. ತಿಂಗಳುಗಟ್ಟಲೆ ಕಾದ ಹೊಂಡದ ಮೇಲೆ ತಣ್ಣನೆಯ ಮಳೆನೀರು ಬಿದ್ದರೆ ಅದು ಭಾರವಾಗಿ ಕೆಳಗಿಳಿದು, ತಳದಲ್ಲಿ ಕೊಳೆತು ಕೂತಿದ್ದ ನೀರನ್ನು ಮೇಲೆ ತರುತ್ತದೆ. ಮೊದಲ ಮಳೆ ಬಂತೆಂದು ಮನೆಯವರು ಸಂತೋಷಪಡುತ್ತಿರುವಾಗಲೇ ಹೊಂಡದಲ್ಲಿ ಮೀನು ಬಾಯಿ ಬಿಡುತ್ತಿರುತ್ತದೆ.

ಇಂಥ ಸಮಯದಲ್ಲಿ ಮಾಡತಕ್ಕದ್ದು ಮೂರೇ ಕೆಲಸ. ಮೇವು ಕೂಡದು. ಪಂಪ್‌ಸೆಟ್ ಹಚ್ಚಿ ಹೊಂಡದ ನೀರನ್ನೇ ಮೇಲೆತ್ತಿ, ಪೈಪಿನ ಬಾಯಿಯನ್ನು ಎತ್ತರಕ್ಕೆ ಕಟ್ಟಿ, ಹಲಗೆ ಅಥವಾ ತೂತಿನ ಡಬ್ಬದ ಮೇಲೆ ಸಿಡಿದು ಬೀಳುವಂತೆ ಮಾಡಬೇಕು. ಸಾಧ್ಯವಾದರೆ ಹೊಸ ನೀರನ್ನೂ ಬಿಡಬೇಕು. ಕರೆಂಟ್ ಇಲ್ಲದಿದ್ದರೆ ಇಬ್ಬರು ಬಿದಿರುಗಳದಿಂದ ನೀರಿನ ಮೈಯನ್ನು ಬಡಿಯುತ್ತಿದ್ದರೂ ಬಿಸಿಲೇರುವವರೆಗೆ ಹೊತ್ತು ಕಳೆಯಬಹುದು. ಕೊಳವೆಬಾವಿಯ ನೀರನ್ನು ಪೈಪ್ ಮುಳುಗಿಸಿ ಬಿಡುವುದು ತಪ್ಪು. ನೆಲದಾಳದಿಂದ ಬಂದ ನೀರಿನಲ್ಲಿ ಆಮ್ಲಜನಕ ತೀರ ಕಡಿಮೆ. ಅದು ಗಾಳಿಯಲ್ಲಿ ಹಾದು ಬಿದ್ದರೆ ಮಾತ್ರ ಪ್ರಯೋಜನ.

ಲೆಕ್ಕ ತಪ್ಪುವುದು ಎಲ್ಲಿ?

ಹನೂರಿನ ಒಂದು ಹೊಂಡವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಹುದು. 21 ಮೀಟರ್ ಉದ್ದ, ಅಷ್ಟೇ ಅಗಲ, 3 ಮೀಟರ್ ಆಳ. ಅಂದರೆ 441 ಚದರ ಮೀಟರ್, ನಾಲ್ಕೂವರೆ ಗುಂಟೆಗೆ ತುಸು ಕಡಿಮೆ. ಹೆಕ್ಟೇರಿಗೆ 5,000 ಬಲಿತ ಮರಿಗಳೆಂಬ ಲೆಕ್ಕದಲ್ಲಿ ಇದಕ್ಕೆ 220 ಮರಿ ಸಾಕು. ಮರಿ ಅಗ್ಗವಾಗಿ ಸಿಕ್ಕಿತೆಂದು ಸಾವಿರ ಬಿಟ್ಟವರು ಮೊದಲ ಮೂರು ತಿಂಗಳು ಏನೂ ತೊಂದರೆ ಕಾಣುವುದಿಲ್ಲ. ಮೀನು ಕಾಲು ಕಿಲೋ ತೂಗುವ ಹೊತ್ತಿಗೆ ಬೇಸಿಗೆ ಬಂದು, ಬೆಳೆಗೆ ನೀರೆತ್ತಿ, ಹೊಂಡ ಒಂದು ಮೀಟರಿಗೆ ಇಳಿದಿರುತ್ತದೆ. ಪಕ್ಕಗಳು ಇಳಿಜಾರಾಗಿರುವುದರಿಂದ ಆಗ ಉಳಿಯುವ ನೀರು ಮೂರನೆಯ ಒಂದು ಪಾಲಿಗಿಂತಲೂ ಕಡಿಮೆ. ಮೀನು ಬೆಳೆದಿದೆ, ನೀರು ಕುಗ್ಗಿದೆ. ಮಂಕಾಗದೆ ಇನ್ನೇನಾದೀತು? ನೀರು ಇಳಿಯುವ ಮುನ್ನವೇ ದೊಡ್ಡ ಮೀನನ್ನು ಹಿಡಿದು ಮಾರುವುದು ಇದಕ್ಕೆ ನೇರವಾದ ದಾರಿ.

ಮೇವಿನ ಲೆಕ್ಕವೂ ಹೀಗೆಯೇ. 200 ಮೀನು ತಲಾ 250 ಗ್ರಾಂ ಇದ್ದರೆ ಒಟ್ಟು 50 ಕಿಲೋ. ತೂಕದ ಶೇಕಡ 2ರಂತೆ ದಿನಕ್ಕೆ ಬೇಕಾದ ಮೇವು ಒಂದೇ ಕಿಲೋ. ಅಕ್ಕಿ ತೌಡನ್ನೂ ಕಡಲೆಕಾಯಿ ಹಿಂಡಿಯನ್ನೂ ಸಮಸಮವಾಗಿ ಬೆರೆಸಿ, ಉಂಡೆ ಮಾಡಿ, ತಟ್ಟೆಯಲ್ಲಿಟ್ಟು ನೀರಿಗೆ ಇಳಿಬಿಡಬೇಕು. ಎರಡು ಗಂಟೆಯ ಮೇಲೆ ತಟ್ಟೆ ಎತ್ತಿ ನೋಡಿದರೆ ಮೀನಿನ ಆರೋಗ್ಯ ತಾನೇ ತಿಳಿಯುತ್ತದೆ. ನಿನ್ನೆ ಖಾಲಿಯಾಗಿದ್ದ ತಟ್ಟೆ ಇಂದು ಉಳಿದಿದ್ದರೆ ಅದೇ ಮೊದಲ ಎಚ್ಚರಿಕೆ. ನೂಲು ಬಿಚ್ಚಾಣಿಕೆಯಲ್ಲಿ ಉಳಿದ ರೇಷ್ಮೆ ಕೋಶದ ಹುಳು ಮೀನಿಗೆ ಬಲು ಪುಷ್ಟಿಯ ಮೇವು. ಆದರೆ ಅದರಲ್ಲಿ ಎಣ್ಣೆಯಂಶ ಹೆಚ್ಚು. ಮಂಕರಿ ಮಂಕರಿ ಸುರಿದರೆ ತಳದಲ್ಲಿ ಕೊಳೆತು ನಾರುತ್ತದೆ. ಕೊಳೆತ ಮೇವಿನಿಂದಲೂ ಮೀನಿನ ಹೊಲಸಿನಿಂದಲೂ ಅಮೋನಿಯ ಹುಟ್ಟುತ್ತದೆ. ನೀರಿನ ರಸಸಾರ ಏರಿದಷ್ಟೂ ಅದರ ವಿಷ ಹೆಚ್ಚು. ಕಡುಹಸಿರು ನೀರಿನ ರಸಸಾರ ಮಧ್ಯಾಹ್ನ 9ನ್ನೂ ದಾಟುವುದುಂಟು. ಅಂಥ ನೀರಿಗೆ ಮಧ್ಯಾಹ್ನ ಸುಣ್ಣ ಎರಚಿದರೆ ರಸಸಾರ ಮತ್ತೂ ಏರಿ ಕೆಡಕೇ ಆಗುತ್ತದೆ. ಮೀನು ಮಂಕಾಯಿತೆಂದು ಕಣ್ಣು ಮುಚ್ಚಿ ಸುಣ್ಣ ಹಾಕಬಾರದೆನ್ನುವುದು ಇದಕ್ಕಾಗಿಯೇ.

ವಿಷದ ಗುರುತು

ಉಸಿರಿನ ತೊಂದರೆಯಲ್ಲಿ ಮೊದಲು ಸಾಯುವುದು ದೊಡ್ಡ ಮೀನು. ವಿಷ ಬಿದ್ದಿದ್ದರೆ ಸಾಮಾನ್ಯವಾಗಿ ಮೊದಲು ಸಾಯುವುದು ಸಣ್ಣ ಮರಿ, ಅದರ ಜೊತೆಗೇ ನೀರಹುಳುಗಳು, ಗೊದಮೊಟ್ಟೆಗಳು. ಹೊಂಡದಲ್ಲಿ ಕೊರವ ಮೀನು ಸೇರಿದ್ದರೆ ಅದನ್ನೂ ನೋಡಬೇಕು. ಕೊರವ ಗಾಳಿಯನ್ನೇ ನುಂಗಿ ಉಸಿರಾಡಬಲ್ಲುದು. ಕಾಟ್ಲ ಸತ್ತು ಕೊರವ ಚೆನ್ನಾಗಿದ್ದರೆ ಆಮ್ಲಜನಕದ ಕೊರತೆ. ಕೊರವವೂ ಸತ್ತಿದ್ದರೆ ವಿಷದ ಶಂಕೆ. ವಿಷಕ್ಕೆ ಬೆಳಗು ಬೈಗೆಂಬ ಹೊತ್ತಿಲ್ಲ. ಮೀನು ಸುಮ್ಮನೆ ನಿಲ್ಲುವ ಮೊದಲು ಹುಚ್ಚೆದ್ದಂತೆ ಸುತ್ತಿ, ದಡಕ್ಕೆ ಹಾರುವುದೂ ಉಂಟು.

ಈ ಮೂರು ತಾಲ್ಲೂಕುಗಳಲ್ಲಿ ವಿಷ ಬರುವ ದಾರಿಗಳು ಗೊತ್ತಿರುವಂಥವೇ. ಪಕ್ಕದ ಗದ್ದೆಗೆ, ತರಕಾರಿಗೆ ಹೊಡೆದ ಕೀಟನಾಶಕ ಮಳೆನೀರಿನೊಡನೆ ಹೊಂಡಕ್ಕೆ ಇಳಿಯುತ್ತದೆ. ಸೈಪರ್‌ಮೆಥ್ರಿನ್ ಜಾತಿಯ ಔಷಧಿಗಳು ರೇಷ್ಮೆಹುಳುವಿಗೆ ಹೇಗೋ ಮೀನಿಗೂ ಹಾಗೆಯೇ ಮಾರಕ. ಹಿಪ್ಪುನೇರಳೆಯ ಬಳಿ ಹೊಡೆಯಲು ಹೆದರುವ ರೈತರೇ ಹೊಂಡದ ದಡದಲ್ಲಿ ಸ್ಪ್ರೇಯರ್ ತೊಳೆಯುವುದನ್ನು ಕಾಣಬಹುದು. ಇನ್ನೊಂದು ದಾರಿ ಹುಳು ಸಾಕಣೆ ಮನೆ. ಬೆಳೆ ಮುಗಿದ ಮೇಲೆ ತಟ್ಟೆ, ಚಂದ್ರಿಕೆಗಳನ್ನು ಬ್ಲೀಚಿಂಗ್ ಪುಡಿ ಅಥವಾ ಫಾರ್ಮಲಿನ್ ನೀರಿನಲ್ಲಿ ತೊಳೆಯುವುದು ಅಗತ್ಯವೇ. ಆದರೆ ಆ ನೀರು ಹೊಂಡಕ್ಕೆ ಹರಿಯಕೂಡದು. ಕ್ಲೋರಿನ್ ಕಿವಿರನ್ನು ಸುಡುತ್ತದೆ. ವಿಷದಿಂದ ಸತ್ತ ಮೀನನ್ನು ತಿನ್ನಲೂ ಬಾರದು, ಮಾರಲೂ ಬಾರದು.

ಚಳಿ, ಹೇನು, ಹುಣ್ಣು

ಡಿಸೆಂಬರ್, ಜನವರಿಯಲ್ಲಿ ಬಿಳಿಗಿರಿರಂಗನ ಬೆಟ್ಟದ ತಪ್ಪಲಿನ ಊರುಗಳಲ್ಲಿ, ಹನೂರಿನ ಕಾಡಂಚಿನಲ್ಲಿ ನೀರು ತಣ್ಣಗಾಗುತ್ತದೆ. ಮೀನು ತಣ್ಣನೆಯ ರಕ್ತದ ಪ್ರಾಣಿ. ನೀರು 20 ಡಿಗ್ರಿಗಿಂತ ಕೆಳಗಿಳಿದರೆ ಗೆಂಡೆಮೀನುಗಳ ಮೇವು, ಓಟ ಎರಡೂ ಕುಗ್ಗುತ್ತವೆ. ಇದು ಹುಳು ಜ್ವರಕ್ಕೆ ಕೂತಂತೆ ಸಹಜವಾದದ್ದು. ಮೇವನ್ನು ಅರ್ಧಕ್ಕಿಳಿಸಿ, ಬಿಸಿಲೇರಿದ ಮೇಲೆ ಕೊಟ್ಟರೆ ಸಾಕು.

ಆದರೆ ಮೈಮೇಲೆ ಗುರುತಿದ್ದರೆ ಚಳಿಯೆಂದು ಸುಮ್ಮನಿರಬಾರದು. ಮೀನು ಹಾಳೆಗೆ ಮೈ ತಿಕ್ಕುತ್ತ, ಆಗಾಗ ಹಾರುತ್ತ, ಕೊನೆಗೆ ಬಡಕಲಾಗಿ ಮೂಲೆ ಹಿಡಿದರೆ ಮೀನುಹೇನು ಇರಬಹುದು. ಅಕ್ಕಿಕಾಳಿಗಿಂತ ಅಗಲವಾದ, ಚಪ್ಪಟೆಯಾದ ಈ ಜೀವಿ ಹುರುಪೆಗಳ ನಡುವೆ ಹರಿದಾಡುವುದು ಬರಿಗಣ್ಣಿಗೆ ಕಾಣುತ್ತದೆ. ಇದು ಗಟ್ಟಿ ವಸ್ತುಗಳ ಮೇಲೆ ಮೊಟ್ಟೆಯಿಡುವುದರಿಂದ ಹೊಂಡದಲ್ಲಿ ಬಿದಿರುಗಳ ನೆಟ್ಟು, ವಾರಕ್ಕೊಮ್ಮೆ ಕಿತ್ತು ಬಿಸಿಲಿನಲ್ಲಿ ಒಣಗಿಸಿದರೆ ಮೊಟ್ಟೆಗಳು ಸಾಯುತ್ತವೆ. ಹಿಡಿದ ಮೀನನ್ನು ಲೀಟರಿಗೆ 30 ಗ್ರಾಂ ಅಡಿಗೆ ಉಪ್ಪು ಕರಗಿಸಿದ ನೀರಿನಲ್ಲಿ ಎರಡು ಮೂರು ನಿಮಿಷ ಅದ್ದಿ ಬಿಡಬಹುದು. ಮೀನು ಮಗುಚಿದರೆ ಒಡನೆ ತೆಗೆಯಬೇಕು.

ಮೈಮೇಲೆ ಕೆಂಪು ಮಚ್ಚೆ ಎದ್ದು, ಅದು ಆಳವಾದ ಹುಣ್ಣಾದರೆ 1988ರಲ್ಲಿ ಈಶಾನ್ಯ ಭಾರತದ ಕಡೆಯಿಂದ ದೇಶವನ್ನು ಹೊಕ್ಕ ಹುಣ್ಣುರೋಗದ ಶಂಕೆ. ಚಳಿಗಾಲದಲ್ಲಿ ಇದರ ಕಾಟ ಹೆಚ್ಚು. ಭುವನೇಶ್ವರದ ಕೇಂದ್ರೀಯ ಸಿಹಿನೀರು ಮೀನುಕೃಷಿ ಸಂಸ್ಥೆ ಇದಕ್ಕಾಗಿ ಸಿಫಾಕ್ಸ್ ಎಂಬ ಔಷಧಿಯನ್ನು ಕಂಡುಹಿಡಿಯಿತು. ಒಂದು ಹೆಕ್ಟೇರ್ ಅಗಲದ, ಒಂದು ಮೀಟರ್ ಆಳದ ನೀರಿಗೆ ಒಂದು ಲೀಟರ್ ಪ್ರಮಾಣ. ಮೇಲೆ ಹೇಳಿದ ಹೊಂಡದಲ್ಲಿ ಒಂದು ಮೀಟರ್ ನೀರಿದ್ದರೆ 40 ಮಿಲಿಲೀಟರ್ ಕೂಡ ದಾಟುವುದಿಲ್ಲ. ಅಳತೆಯಿಲ್ಲದೆ ಸುರಿಯಬಾರದು.

ಮನೆಯ ಸೀಸೆಯಲ್ಲಿರುವ ಮೀನು

ಹೊಂಡದ ಮಾತಿನ ನಡುವೆ ಮನೆಯ ಮಕ್ಕಳು ಪೇಟೆಯಿಂದ ತಂದ ಫೈಟರ್ ಮೀನಿನ ವಿಷಯವನ್ನೂ ಹೇಳಬಹುದು. ವಿಸ್ತರಣಾ ಕಾರ್ಯಕರ್ತರಿಗೆ ಈ ಪ್ರಶ್ನೆಯೂ ಬರುತ್ತಿದೆ. ಇದರ ಇನ್ನೊಂದು ಹೆಸರು ಬೆಟ್ಟ. ಹೆಸರು ಹಾಗಿದ್ದರೂ ಇದು ನಮ್ಮ ಬೆಟ್ಟದ್ದಲ್ಲ, ಥಾಯ್ಲೆಂಡ್ ಕಡೆಯ ಗದ್ದೆ, ಜೌಗುಗಳದು. ಕೊರವದಂತೆ ಇದೂ ಮೇಲೆ ಬಂದು ಗಾಳಿ ನುಂಗುತ್ತದೆ. ಆದ್ದರಿಂದ ಸಣ್ಣ ಸೀಸೆಯಲ್ಲಿಯೂ ಬದುಕುತ್ತದೆಂದು ಅಂಗಡಿಯವರು ಹೇಳುತ್ತಾರೆ. ಉಸಿರಿನ ಮಟ್ಟಿಗೆ ಅದು ನಿಜ, ಹೊಲಸಿನ ಮಟ್ಟಿಗೆ ನಿಜವಲ್ಲ. ಒಂದು ಲೀಟರ್ ನೀರಿನಲ್ಲಿ ಅಮೋನಿಯ ಬೇಗ ತುಂಬಿಕೊಳ್ಳುತ್ತದೆ, ನೀರಿನ ಬಿಸಿಯೂ ರಾತ್ರಿ ಹಗಲು ಏರಿಳಿಯುತ್ತದೆ. ಈ ಮೀನಿಗೆ 25ರಿಂದ 28 ಡಿಗ್ರಿ ಹಿತ. ಜನವರಿಯ ರಾತ್ರಿ ಕಿಟಕಿಯಲ್ಲಿಟ್ಟ ಸೀಸೆಯಲ್ಲಿ ಅದು ತಳ ಹಿಡಿದು ಮಲಗಿದರೆ ಆಶ್ಚರ್ಯವಿಲ್ಲ. ಕನಿಷ್ಠ ಹತ್ತು ಹದಿನೈದು ಲೀಟರಿನ ತೊಟ್ಟಿ ಬೇಕು. ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸಬೇಕು. ನಲ್ಲಿ ನೀರಾದರೆ ಅಗಲ ಬಾಯಿಯ ಪಾತ್ರೆಯಲ್ಲಿ ಒಂದು ದಿನ ತೆರೆದಿಟ್ಟು, ಕ್ಲೋರಿನ್ ಹೋದ ಮೇಲೆ ಹಾಕಬೇಕು. ಹೊಟ್ಟೆ ಉಬ್ಬಿ ಓರೆಯಾಗಿ ತೇಲಿದರೆ ಮೇವು ಹೆಚ್ಚಾಗಿದೆ. ಎರಡು ದಿನ ಉಪವಾಸ ಕೆಡವಿದರೆ ಎಷ್ಟೋ ವೇಳೆ ಸರಿಹೋಗುತ್ತದೆ. ಬೇಡವೆನಿಸಿದಾಗ ಅದನ್ನು ಕೆರೆಗಾಗಲಿ ಸುವರ್ಣಾವತಿಗಾಗಲಿ ಬಿಡಕೂಡದು.

ಹೊಂಡದ ತೊಂದರೆಯ ಕಾರಣ ಹೊಳೆಯದಿದ್ದರೆ ತಾಲ್ಲೂಕಿನ ಮೀನುಗಾರಿಕೆ ಕಚೇರಿಗೆ ಅಥವಾ ಹರದನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ತೋರಿಸಬೇಕು. ಕೊಳೆತ ಮೀನು ಒಯ್ದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಸಾಯುವ ಸ್ಥಿತಿಯ ಮೀನೊಂದನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು ಮಂಜುಗಡ್ಡೆಯ ಮೇಲೆ ಇರಿಸಿ, ಹೊಂಡದ ನೀರನ್ನು ಒಂದು ಲೀಟರ್ ಬಾಟಲಿಗೆ ಗಾಳಿ ಉಳಿಯದಂತೆ ತುಂಬಿ, ಅದೇ ದಿನ ತಲುಪಿಸಬೇಕು. ಮೀನು ಮಂಕಾದ ಹೊತ್ತು, ಹಿಂದಿನ ಮೂರು ದಿನ ಹಾಕಿದ ಮೇವು, ಬಿದ್ದ ಮಳೆ, ಸುತ್ತ ಹೊಡೆದ ಔಷಧಿಯ ಹೆಸರು, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಜೊತೆಗಿಡುವುದು ಒಳ್ಳೆಯದು.