ರಾಣಿಯ ಬಲೆಯನ್ನು ಬಿಡದ ಊರು

ಪೋರ್ಚುಗಲ್‌ನಲ್ಲಿ ಊರಿನ ಅಂತಸ್ತು ತಿಳಿಯಲು ಅದರ ಲಾಂಛನದ ಮೇಲಿನ ಗೋಪುರಗಳನ್ನು ಎಣಿಸಿದರೆ ಸಾಕು. ಗುರಾಣಿಯಾಕಾರದ ಲಾಂಛನದ ನೆತ್ತಿಗೆ ಕೋಟೆಗೋಡೆಯಂಥ ಒಂದು ಕಿರೀಟ. ಅದರಲ್ಲಿ ಮೂರು ಗೋಪುರಗಳಿದ್ದರೆ ಹಳ್ಳಿ, ನಾಲ್ಕಿದ್ದರೆ ಪಟ್ಟಣ, ಐದಿದ್ದರೆ ನಗರ. ಇವೆಲ್ಲ ಬೆಳ್ಳಿಯವು, ಚಿನ್ನದ ಕಿರೀಟ ರಾಜಧಾನಿ ಲಿಸ್ಬನ್‌ಗೆ ಮಾತ್ರ. ಬಾವುಟಕ್ಕೂ ಇಂಥದೇ ಶಿಸ್ತು. ನಗರದ ಬಾವುಟವನ್ನು ನಡುವಿನಿಂದ ಎಂಟು ತ್ರಿಕೋನಗಳಾಗಿ ಭಾಗಿಸಿ, ಎರಡು ಬಣ್ಣಗಳನ್ನು ಒಂದು ಬಿಟ್ಟು ಒಂದರಂತೆ ತುಂಬಲಾಗುತ್ತದೆ.

ಮೊದಲು ಹೀಗಿರಲಿಲ್ಲ. ಒಂದೊಂದು ಊರಿಗೆ ಒಂದೊಂದು ರೀತಿಯ ಮುದ್ರೆಯಿತ್ತು. 1930ರಲ್ಲಿ ಸರ್ಕಾರ ಸುತ್ತೋಲೆ ಹೊರಡಿಸಿ ಎಲ್ಲವನ್ನೂ ಒಂದೇ ಅಚ್ಚಿಗೆ ತರಲು ಹೊರಟಿತು. 1991ರ ಕಾನೂನು ಕೂಡ ಅದೇ ಜಾಡಿನಲ್ಲಿ ಸಾಗಿತು. ಪುರಸಭೆಗಳು ಹಳೆಯ ಚಿತ್ರಗಳನ್ನು ತಿದ್ದಿ ಬರೆಸಿದವು. ಹಾಗೆ ಮಾಡದೆ ಉಳಿದ ಕೆಲವೇ ಊರುಗಳಲ್ಲಿ ಲಿಸ್ಬನ್‌ನ ಉತ್ತರಕ್ಕಿರುವ ಕಾಲ್ಡಸ್ ದ ರೈನ್ಯ ಒಂದು.

ಈ ಹೆಸರಿನ ಅರ್ಥ 'ರಾಣಿಯ ಬಿಸಿನೀರ ಬುಗ್ಗೆಗಳು'. ರಾಣಿಯೆಂದರೆ ಎರಡನೇ ಜಾನ್ ದೊರೆಯ ಪತ್ನಿ ಲಿಯೊನೋರ್. ದಾರಿಯಲ್ಲಿ ಹೋಗುವಾಗ ಬಡ ರೋಗಿಗಳು ನಾತ ಬೀರುವ ಗಂಧಕದ ನೀರಿನಲ್ಲಿ ಮೀಯುವುದನ್ನು ಕಂಡು, 1485ರಲ್ಲಿ ಅಲ್ಲೇ ಆಸ್ಪತ್ರೆ ಕಟ್ಟಿಸಲು ಆರಂಭಿಸಿದಳಂತೆ. ಆಸ್ಪತ್ರೆಯ ಸುತ್ತ ಊರು ಬೆಳೆಯಿತು, 1927ರಲ್ಲಿ ನಗರವೆನಿಸಿತು.

ಊರಿನ ಲಾಂಛನದ ನಡುವೆ ಇರುವುದು ರಾಣಿಯ ಗುರಾಣಿ. ಒಂದು ಪಕ್ಕದಲ್ಲಿ ಸೀಗಡಿ ಹಿಡಿಯುವ ಬಲೆ, ಇನ್ನೊಂದು ಪಕ್ಕದಲ್ಲಿ ಪೆಲಿಕನ್ ಹಕ್ಕಿ. ರಾಣಿಯ ಚಿಹ್ನೆಯಾಗಿ ಬಲೆ ಏಕೆ? 1491ರ ಜುಲೈನಲ್ಲಿ ಆಕೆಯ ಒಬ್ಬನೇ ಮಗ, ಹದಿನಾರರ ಯುವರಾಜ ಅಫೊನ್ಸೊ, ಸಾಂತರೆಂ ಬಳಿ ಟೇಗಸ್ ನದಿ ದಂಡೆಯಲ್ಲಿ ಕುದುರೆಯಿಂದ ಬಿದ್ದು ಸತ್ತ. ಮದುವೆಯಾಗಿ ವರ್ಷವೂ ತುಂಬಿರಲಿಲ್ಲ. ಬೆಸ್ತರು ಅವನನ್ನು ಬಲೆಯಲ್ಲಿ ಹೊತ್ತು ತಂದರೆಂಬ ಪ್ರತೀತಿಯಿದೆ. ಆ ಬಲೆಯನ್ನೇ ತಾಯಿ ತನ್ನ ಚಿಹ್ನೆ ಮಾಡಿಕೊಂಡಳು ಎನ್ನುತ್ತಾರೆ.

ಪೆಲಿಕನ್ ದೊರೆಯ ಚಿಹ್ನೆ. ತನ್ನ ಎದೆಯನ್ನೇ ಕುಕ್ಕಿ ರಕ್ತದಿಂದ ಮರಿಗಳನ್ನು ಸಾಕುವ ಹಕ್ಕಿ ಎಂಬುದು ಯುರೋಪಿನ ಹಳೆಯ ನಂಬಿಕೆ. ಪ್ರಜೆಗಳಿಗಾಗಿ ಜೀವ ತೇಯುವ ಅರಸ ಎಂಬುದು ಇಂಗಿತ. ಆದರೆ ಮಗ ಹೋದ ಮೇಲೆ ಗಂಡ-ಹೆಂಡಿರ ನಡುವೆ ಬಿರುಕು ಬಿತ್ತು. ವಿವಾಹದಾಚೆ ಹುಟ್ಟಿದ ಮಗ ಜಾರ್ಜ್‌ಗೆ ಪಟ್ಟ ಕಟ್ಟಲು ದೊರೆ ಬಯಸಿದ. ರಾಣಿ ಬಿಲ್‌ಕುಲ್ ಒಪ್ಪಲಿಲ್ಲ. 1495ರಲ್ಲಿ ದೊರೆ ತೀರಿಕೊಂಡಾಗ ಸಿಂಹಾಸನ ಏರಿದವನು ರಾಣಿಯ ತಮ್ಮ ಮ್ಯಾನುಯೆಲ್. ವಾಸ್ಕೊ ಡ ಗಾಮನನ್ನು ಭಾರತಕ್ಕೆ ಕಳುಹಿಸಿದ ದೊರೆ ಇವನೇ.

ಐದು ಗೋಪುರಗಳ ಕಿರೀಟ ಹೇಳುವುದು ಊರಿನ ದರ್ಜೆಯನ್ನಷ್ಟೇ. ಅದು ಯಾವ ನಗರಕ್ಕಾದರೂ ಸಲ್ಲುತ್ತದೆ. ಬಲೆ, ಹಕ್ಕಿಗಳು ಹೇಳುವ ಕಥೆ ಮಾತ್ರ ಊರನ್ನು ಕಟ್ಟಿದವಳದು. ಬದುಕಿನಲ್ಲಿ ದೂರವಾದ ಗಂಡ-ಹೆಂಡಿರ ಚಿಹ್ನೆಗಳು ಆ ಊರಿನ ಲಾಂಛನದಲ್ಲಿ ಇಂದಿಗೂ ಅಕ್ಕಪಕ್ಕದಲ್ಲಿವೆ.