ನಿಮಗಿದು ಗೊತ್ತೆ? ಹೆಸರಿನ ಮುಂದೆ ಗುಬ್ಬಿ

ಅಮೃತೂರು, ಕುಣಿಗಲ್, ಗುಬ್ಬಿಯ ಸೀಮೆಯಲ್ಲಿ ಹಲವರಿಗೆ ಹುಟ್ಟೂರೇ ಮನೆತನದ ಹೆಸರು. 16ನೇ ಶತಮಾನದಲ್ಲಿ 'ಭಾವಚಿಂತಾರತ್ನ' ಬರೆದ ಕವಿ ಗುಬ್ಬಿಯ ಮಲ್ಲಣಾರ್ಯ. ಬೆಂಗಳೂರು ರೈಲು ನಿಲ್ದಾಣದೆದುರು 1903ರಲ್ಲಿ ಧರ್ಮಛತ್ರ ಕಟ್ಟಿಸಿದ ವರ್ತಕ ಗುಬ್ಬಿ ತೋಟದಪ್ಪ (1838–1910). ಮೆಜೆಸ್ಟಿಕ್‌ನ ರಸ್ತೆಗೂ ಅವರದೇ ಹೆಸರು.

ಆದರೆ ಈ ಹೆಸರನ್ನು ನಾಡಿನ ಮನೆಮನೆಗೆ ಮುಟ್ಟಿಸಿದ್ದು ರಂಗಭೂಮಿ. 1884ರಲ್ಲಿ ಹುಟ್ಟಿದ ಗುಬ್ಬಿ ಚನ್ನಬಸವೇಶ್ವರ ನಾಟಕ ಸಂಘಕ್ಕೆ ಬಾಲನಟನಾಗಿ ಸೇರಿದ ಗುಬ್ಬಿ ವೀರಣ್ಣ ಮುಂದೆ ಅದರ ಮಾಲೀಕರೇ ಆದರು. 'ಕುರುಕ್ಷೇತ್ರ' ನಾಟಕದಲ್ಲಿ ನಿಜವಾದ ಆನೆ, ಕುದುರೆಗಳನ್ನೇ ತಂದು ನಿಲ್ಲಿಸಿದ ಧೈರ್ಯ ಅವರದು! ಅವರ ಕಂಪನಿಯಲ್ಲಿ ಪಳಗಿದ ಮುತ್ತುರಾಜ್, 1954ರ 'ಬೇಡರ ಕಣ್ಣಪ್ಪ' ಚಿತ್ರದಿಂದ ರಾಜ್‌ಕುಮಾರ್ ಆದರು. ರಂಗನಿರ್ದೇಶಕ ಬಿ.ವಿ. ಕಾರಂತರನ್ನು ಓದಲು ಕಾಶಿಗೆ ಕಳುಹಿಸಿದವರೂ ವೀರಣ್ಣನವರೇ. ಇಂದಿನ ರಂಗಕರ್ಮಿ ಬಿ. ಜಯಶ್ರೀ ವೀರಣ್ಣನವರ ಮೊಮ್ಮಗಳು.